ಮನೆ ಸುಟ್ಟವನು ಕೊಡುವ ಗಳ: ದಾನವೊ, ದಂಡವೊ?

1977ರಲ್ಲಿ ಭಾರತ ಸರ್ಕಾರ ವಿಯೆಟ್ನಾಮಿಗೆ ನೂರು ಎಮ್ಮೆ ಕಳಿಸಲು ಹೊರಟಿತು. ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಅಲ್ಲಿಯ ರೈತ ಗದ್ದೆ ಉಳುವುದು ಎಮ್ಮೆ ಕೋಣ ಕಟ್ಟಿ. ಬಾಂಬು ಮನುಷ್ಯರನ್ನು ಕೊಂದಷ್ಟೇ ಸಲೀಸಾಗಿ ಅವುಗಳನ್ನೂ ಕೊಂದಿತ್ತು. ನೂರು ಎಮ್ಮೆ ಅಂದರೆ ಏನು ಮಹಾ? ನಮ್ಮ ಕಡೆಯ ಒಂದು ದನದ ಜಾತ್ರೆಯಲ್ಲಿ ಮಧ್ಯಾಹ್ನದೊಳಗೆ ಕೈ ಬದಲಾಗುವ ಲೆಕ್ಕ. ಆದರೆ ವಿಯೆಟ್ನಾಮಿಗೆ ಸಾಮಾನು ಸಾಗಿಸುವ ದೇಶಕ್ಕೆ ಆಹಾರ ನೆರವು ಕೊಡಕೂಡದು ಅಂತ ಅಮೆರಿಕದ ಕಾನೂನಿನಲ್ಲಿತ್ತು. ಎಮ್ಮೆ ಕಳಿಸಿದರೆ ನಿಮಗೆ ಬರುವ ಆಹಾರಕ್ಕೂ ಕುತ್ತು ಬಂದೀತು ಎಂಬ ಬೆದರಿಕೆ ದೆಹಲಿಗೆ ಬಂತೆಂದು ಆಗಿನ ಪತ್ರಿಕೆಗಳಲ್ಲಿ ವರದಿಯಾಯಿತು.

ಪಿಎಲ್-480 ಅಂದರೆ ನಮ್ಮಲ್ಲಿ ವಯಸ್ಸಾದವರಿಗೆಲ್ಲ ಗೊತ್ತು. ಆ ಗೋಧಿ ತಿಂದು ಬೆಳೆದ ತಲೆಮಾರು ನಮ್ಮದು. ಶಾಲೆಯಲ್ಲಿ ಬಿಸಿ ನೀರಿಗೆ ಕಲಸಿಕೊಟ್ಟ ಹಾಲಿನ ಪುಡಿ, ಅಮೆರಿಕದ ಗೋಧಿಯ ಉಪ್ಪಿಟ್ಟು. ರುಚಿಯಾಗಿತ್ತು, ಸುಳ್ಳು ಹೇಳಬಾರದು. ಕೇರಿಯ ಎಷ್ಟೋ ಮಕ್ಕಳು ಶಾಲೆಗೆ ಹೋದದ್ದೇ ಅದರ ಆಸೆಗೆ. ಆದರೆ ನಾವು ಉಪ್ಪಿಟ್ಟು ತಿನ್ನುವಾಗ ನಮಗೆ ಗೊತ್ತಿಲ್ಲದ ಒಂದು ಸಂಗತಿ ನಡೆದಿತ್ತು. 1965-66ರ ಬರದಲ್ಲಿ ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ಒಟ್ಟಿಗೆ ಬಿಡದೆ ಹಗ್ಗ ಎಳೆದೆಳೆದು ಬಿಡುತ್ತಿದ್ದ. ಕೃಷಿ ನೀತಿ ಬದಲಿಸಿಕೊಳ್ಳಿ ಎಂಬುದು ಒಂದು ಒತ್ತಾಯ. ಉತ್ತರ ವಿಯೆಟ್ನಾಮಿನ ಮೇಲೆ ಬಾಂಬು ಹಾಕುವುದನ್ನು ನಿಲ್ಲಿಸಿ ಅಂತ ಇಂದಿರಾಗಾಂಧಿ 1966ರಲ್ಲಿ ಹೇಳಿದ್ದು ಇನ್ನೊಂದು ಸಿಟ್ಟು. ಅಂದರೆ ನಮ್ಮ ಹೊಟ್ಟೆಗೂ ಹನೋಯಿಯ ಆಕಾಶಕ್ಕೂ ನಡುವೆ ಒಂದು ಹಗ್ಗವಿತ್ತು. ಅದರ ತುದಿ ವಾಷಿಂಗ್ಟನ್ನಿನಲ್ಲಿತ್ತು.

ಕೊಡುವವರೆಲ್ಲ ಒಂದು ಮೇಜಿನ ಸುತ್ತ ಕೂತು ಯಾರು ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಯಾವ ಷರತ್ತಿನ ಮೇಲೆ ಅಂತ ಒಪ್ಪಿಕೊಳ್ಳುವುದಕ್ಕೆ ರಾಜತಂತ್ರದವರು ಸಮನ್ವಯ ಅನ್ನುತ್ತಾರೆ. ಕೇಳಲಿಕ್ಕೆ ಒಳ್ಳೆಯ ಮಾತು. ಒಬ್ಬರು ಸೇತುವೆ ಕಟ್ಟಿ ಇನ್ನೊಬ್ಬರು ರಸ್ತೆಯನ್ನೇ ಮಾಡದಿದ್ದರೆ ಪ್ರಯೋಜನವಿಲ್ಲ, ನಿಜ. ಆದರೆ ಇಂಥವನಿಗೆ ಬೆಂಕಿ ನೀರು ಕೊಡಬೇಡಿ ಅಂತ ಊರಿನ ಯಜಮಾನರೆಲ್ಲ ಒಂದಾಗಿ ಟಾಂಟಾಂ ಹೊಡೆಸುವುದೂ ಸಮನ್ವಯವೇ. ಬಹಿಷ್ಕಾರ ಉಂಡವರಿಗೆ ಅದು ಬೇಗ ಅರ್ಥವಾಗುತ್ತದೆ. ಒಬ್ಬ ಗೌಡ ಕೊಡದಿದ್ದರೆ ಇನ್ನೊಬ್ಬನ ಮನೆ ಬಾಗಿಲಿಗೆ ಹೋಗಬಹುದು. ಎಲ್ಲರೂ ಮಾತಾಡಿಕೊಂಡರೆ ಊರೇ ಬಿಡಬೇಕು. ದೇಶಕ್ಕೆ ಆ ದಾರಿಯೂ ಇಲ್ಲ.

ವಿಯೆಟ್ನಾಮಿನ ಕತೆಯನ್ನು ಯುದ್ಧದ ಕತೆಯಾಗಿ ಎಲ್ಲರೂ ಓದಿದ್ದಾರೆ. ಯುದ್ಧವಾದ ಮೇಲೆ ನಡೆದದ್ದನ್ನು ಓದಿದವರು ಕಡಿಮೆ. ನನಗೆ ಅದರಲ್ಲಿ ಕಾಣುವುದು ಒಂದೇ ಪ್ರಶ್ನೆ. ಮನೆ ಸುಟ್ಟವನು ಆಮೇಲೆ ಗಳ ಬೊಂಬು ತಂದುಕೊಟ್ಟರೆ ಅದನ್ನು ಏನಂತ ಕರೆಯಬೇಕು?

1973ರ ಜನವರಿ 27ರಂದು ಪ್ಯಾರಿಸ್ಸಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ಅದರ 21ನೇ ವಿಧಿಯ ಪ್ರಕಾರ ಯುದ್ಧದ ಗಾಯಗಳನ್ನು ಮಾಗಿಸಲು, ಉತ್ತರ ವಿಯೆಟ್ನಾಂ ಮತ್ತು ಇಡೀ ಇಂಡೋಚೈನಾವನ್ನು ಮತ್ತೆ ಕಟ್ಟಲು ಅಮೆರಿಕ ತನ್ನ ಪಾಲಿನ ಕೊಡುಗೆ ಕೊಡಬೇಕು. ಕೊಡುಗೆ! ಆ ಪದವನ್ನು ಎಷ್ಟು ದಿನ ತೂಗಿ ಇಟ್ಟರೋ. ಪರಿಹಾರ ಎಂಬ ಪದ ಇಡೀ ವಿಧಿಯಲ್ಲಿಲ್ಲ. ಐದು ದಿನದ ನಂತರ, ಫೆಬ್ರವರಿ 1ರಂದು, ನಿಕ್ಸನ್ ಉತ್ತರ ವಿಯೆಟ್ನಾಮಿನ ಪ್ರಧಾನಿ ಫಾಮ್ ವಾನ್ ಡೋಂಗ್‌ಗೆ ಒಂದು ಗುಟ್ಟಿನ ಕಾಗದ ಬರೆದ. ಐದು ವರ್ಷದಲ್ಲಿ ಸುಮಾರು 325 ಕೋಟಿ ಡಾಲರಿನಷ್ಟು, ಮರಳಿ ಕೊಡಬೇಕಿಲ್ಲದ ನೆರವು, ಯಾವ ರಾಜಕೀಯ ಷರತ್ತೂ ಇಲ್ಲ ಅಂತ. ಅದರ ಜೊತೆ ಆಹಾರ ಮತ್ತಿತರ ಸಾಮಾನಿಗೆ ಇನ್ನೂ ನೂರು, ನೂರೈವತ್ತು ಕೋಟಿ ಆಗಬಹುದು ಅಂತಲೂ ಇತ್ತು. ಬಾಲದಲ್ಲೊಂದು ಚಿಕ್ಕ ಟಿಪ್ಪಣಿ: ಇದನ್ನು ಎರಡೂ ದೇಶಗಳು ತಂತಮ್ಮ ಸಂವಿಧಾನದ ನಿಯಮದಂತೆ ಜಾರಿಗೆ ತರತಕ್ಕದ್ದು. ಹೊಲದ ಪತ್ರ ಓದಲು ಬಾರದೆ ಹೆಬ್ಬೆಟ್ಟು ಒತ್ತಿದವರ ಮಕ್ಕಳಿಗೆ ಇಂಥ ಬಾಲದ ಸಾಲುಗಳ ಮೇಲೆ ಕಣ್ಣು ಬೇಗ ಹೋಗುತ್ತದೆ. ಆ ವರ್ಷ ಪ್ಯಾರಿಸ್ಸಿನಲ್ಲಿ ಎರಡೂ ಕಡೆಯ ಆರ್ಥಿಕ ಆಯೋಗ ಕೂತು ಕಾರ್ಖಾನೆ, ಬಂದರು, ಗೊಬ್ಬರ ಅಂತ ಪಟ್ಟಿ ಮಾಡಿದ್ದೂ ಉಂಟು. ಪಟ್ಟಿ ಪಟ್ಟಿಯಾಗಿಯೇ ಉಳಿಯಿತು. ಒಂದು ಡಾಲರೂ ಬರಲಿಲ್ಲ.

ಏನು ಸುಟ್ಟಿತ್ತು ಅನ್ನುವುದನ್ನೂ ಹೇಳಬೇಕು. ವಿಯೆಟ್ನಾಂ, ಲಾವೋಸ್, ಕಾಂಬೋಡಿಯ ಮೂರರ ಮೇಲೆ ಅಮೆರಿಕ ಸುರಿದ ಬಾಂಬು ಎಪ್ಪತ್ತು ಲಕ್ಷ ಟನ್ನಿಗೂ ಹೆಚ್ಚು. ಇಡೀ ಎರಡನೇ ಮಹಾಯುದ್ಧದಲ್ಲಿ ಅದೇ ಅಮೆರಿಕ ಹಾಕಿದ್ದಕ್ಕಿಂತ ಎಷ್ಟೋ ಪಟ್ಟು. 1961ರಿಂದ 1971ರವರೆಗೆ ಕಾಡು ಮತ್ತು ಬೆಳೆಯ ಮೇಲೆ ಏಳು ಕೋಟಿ ಲೀಟರಿಗೂ ಮೀರಿ ಕಳೆನಾಶಕ. ಒಪ್ಪಂದಕ್ಕೆ ತಿಂಗಳಿರುವಾಗ, 1972ರ ಡಿಸೆಂಬರಿನಲ್ಲಿ, ಹನೋಯಿಯ ಬಾಕ್ ಮಾಯ್ ಆಸ್ಪತ್ರೆಯ ಮೇಲೂ ಬಾಂಬು ಬಿತ್ತು. ಆಸ್ಪತ್ರೆಯ 28 ಮಂದಿ ಸಿಬ್ಬಂದಿ ಸತ್ತರು. ಆ ಆಸ್ಪತ್ರೆಯನ್ನು ಮತ್ತೆ ಕಟ್ಟಲು ಅಮೆರಿಕದ ಸಾಮಾನ್ಯ ಜನ ಚಂದಾ ಎತ್ತಿದರು ಅನ್ನುವುದನ್ನು ಮರೆಯಬಾರದು. ಅಲ್ಲಿಯ ಚರ್ಚುಗಳವರು 1978ರಲ್ಲಿ ಹತ್ತು ಸಾವಿರ ಟನ್ ಗೋಧಿಯನ್ನು ಹಡಗಿಗೆ ತುಂಬಿ ಕಳಿಸಿದರು. ಸರ್ಕಾರ ಬೇರೆ, ಜನ ಬೇರೆ ಎಂಬುದು ಬರೀ ಘೋಷಣೆಯ ಮಾತಲ್ಲ.

ಈಗ ಪದಗಳ ಪ್ರಶ್ನೆಗೆ ಬರೋಣ. ನಮ್ಮ ಹಳ್ಳಿಗಳಲ್ಲಿ ಸುಗ್ಗಿಯಾದ ಮೇಲೆ ಕಣದ ಅಂಚಿಗೆ ಹೋಗಿ ನಿಂತು ಆಯ ಇಸ್ಕೊಂಡು ಬಂದವರನ್ನು ಕೇಳಿ. ವರ್ಷವಿಡೀ ಸತ್ತ ದನ ಹೊತ್ತದ್ದು, ತಮಟೆ ಬಡಿದದ್ದು, ಊರ ಕಾವಲು ಕಾದದ್ದು, ಸುದ್ದಿ ಮುಟ್ಟಿಸಿದ್ದು ಎಲ್ಲದರ ಕೂಲಿ ಅದು. ಆದರೆ ಕೊಡುವವನು ಮೊರದಲ್ಲಿ ಎತ್ತಿ ಸುರಿಯುವಾಗ ಅವನ ಬಾಯಲ್ಲಿ ಅದು ಧರ್ಮ. 'ತಗೋ, ಬದುಕ್ಕೋ' ಅನ್ನುವ ಮಾತು. ಕೂಲಿ ಅಂತ ಕರೆದಿದ್ದರೆ ಅಳತೆ ಕೇಳಬಹುದಿತ್ತು. ಸೇರು ಕಡಿಮೆಯಾಯ್ತು ಅಂತ ಜಗಳ ಆಡಬಹುದಿತ್ತು. ಧರ್ಮ ಅಂತ ಕರೆದ ಕೂಡಲೇ ಅಳತೆ ಕೊಡುವವನ ಕೈಯಲ್ಲಿ, ತಲೆ ತಗ್ಗಿಸುವುದು ಇಸ್ಕೊಳ್ಳುವವನ ಪಾಲಿಗೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಮಾಡಿದವನು ಯಾವತ್ತೂ ಕಣದ ಅಂಚಿನಲ್ಲಿ ನಿಂತವನಲ್ಲ.

ಹೆಸರಿನಲ್ಲೇನಿದೆ ಅನ್ನುವವರಿಗೆ ಉತ್ತರ ಇಷ್ಟೆ. ದಾನಕ್ಕೆ ಲೆಕ್ಕ ಕೇಳುವವನು ಕೊಟ್ಟವನು. ದಂಡಕ್ಕೆ ಲೆಕ್ಕ ಕೇಳುವವನು ನೊಂದವನು. ಅಮೆರಿಕದೊಳಗೇ ಇದನ್ನು ಮೊದಲೇ ಕಂಡವನು ಒಬ್ಬ ಕರಿಯ ಪಾದ್ರಿ. 1967ರ ಏಪ್ರಿಲ್ 4ರಂದು ನ್ಯೂಯಾರ್ಕಿನ ರಿವರ್‌ಸೈಡ್ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡುತ್ತ, ಮಾಡಿದ ಹಾನಿಗೆ ಕೈಲಾದ ಪರಿಹಾರ ಕಟ್ಟಿಕೊಡಬೇಕು ಎಂದ. ಅವನ ಪಕ್ಷದವರೇ ಅನೇಕರು ಸಿಟ್ಟಾದರು. ನೀಗ್ರೋಗಳ ಹಕ್ಕಿಗೂ ವಿಯೆಟ್ನಾಮಿಗೂ ಏನು ಸಂಬಂಧ ಅಂತ ಕೇಳಿದರು. ಗುಲಾಮರ ಮೊಮ್ಮಗನಿಗೆ ಆ ಸಂಬಂಧ ಗೊತ್ತಿತ್ತು. ದುಡಿಸಿಕೊಂಡು, ಆಮೇಲೆ ಕೂಲಿಯ ಬದಲು ಕರುಣೆ ತೋರಿಸುವ ಚಾಳಿ ಅವನಿಗೆ ಹೊಸದಾಗಿರಲಿಲ್ಲ.

1977ರ ಮಾರ್ಚಿನಲ್ಲಿ ಅಧ್ಯಕ್ಷ ಕಾರ್ಟರ್, ನಾಶ ಎರಡೂ ಕಡೆ ಆಗಿದೆ, ಆದ್ದರಿಂದ ನಾವು ಕ್ಷಮೆ ಕೇಳಬೇಕಾಗಿಲ್ಲ, ಋಣವೂ ಇಲ್ಲ ಅನ್ನುವ ಅರ್ಥದ ಮಾತಾಡಿದ. ಮಾನವ ಹಕ್ಕಿನ ಮಾತಾಡುತ್ತ ಗೆದ್ದು ಬಂದವನು ಈತ. ಅಮೆರಿಕದ ವಾದಕ್ಕೂ ಕಿವಿಗೊಡೋಣ. 1975ರಲ್ಲಿ ಉತ್ತರದವರು ಸೈನ್ಯ ನುಗ್ಗಿಸಿ ಸೈಗಾನ್ ಹಿಡಿದರು, ಒಪ್ಪಂದ ಮುರಿದರು, ಹಾಗಾಗಿ 21ನೇ ವಿಧಿಯೂ ಸತ್ತಿತು ಅನ್ನುವುದು ಆ ವಾದ. ಒಪ್ಪಂದವನ್ನು ಎರಡೂ ಕಡೆಯವರು ಮುರಿದಿದ್ದರು, ಅದು ಹಾಗಿರಲಿ. ಆದರೆ ಇದರಲ್ಲಿ ಒಂದು ತರ್ಕದ ದೋಷ ಇದೆ. ಸುಟ್ಟ ಊರಿನ ಸಾಲ ಒಪ್ಪಂದದಿಂದ ಹುಟ್ಟಿದ್ದಲ್ಲ, ಸುಟ್ಟದ್ದರಿಂದ ಹುಟ್ಟಿದ್ದು. ಕಾಗದ ಹರಿದರೆ ಕಾಗದ ಹರಿಯಿತು, ಅಷ್ಟೆ.

ಆ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮಾತುಕತೆ. ಅಮೆರಿಕದ ಕಡೆಯಿಂದ ಹೋಲ್‌ಬ್ರೂಕ್, ವಿಯೆಟ್ನಾಮಿನ ಕಡೆಯಿಂದ ಫಾನ್ ಹಿಯೆನ್. ಬನ್ನಿ, ರಾಯಭಾರ ಕಚೇರಿ ತೆರೆಯೋಣ ಎಂದರು ಅಮೆರಿಕದವರು. ಮೊದಲು ಕೊಡುತ್ತೇವೆ ಅಂದದ್ದನ್ನು ಕೊಡಿ ಎಂದರು ಇವರು. ಮಾತುಕತೆ ನಡೆಯುತ್ತಿದ್ದ ಹೊತ್ತಿಗೇ ಅಮೆರಿಕದ ಕೆಳಮನೆ ವಿಯೆಟ್ನಾಮಿಗೆ ಯಾವ ನೆರವೂ ಕೂಡದು ಅಂತ ಮತ ಹಾಕಿತು. ನಿಕ್ಸನ್ನನ ಕಾಗದವನ್ನು ಸರ್ಕಾರ ಹೊರಗೆ ಹಾಕಿದ್ದೇ ಆ ತಿಂಗಳು. ಹನೋಯಿ ಪಟ್ಟು ಬಿಡಲಿಲ್ಲ. ಒಂದು ವರ್ಷ ಕಳೆದು ಪಟ್ಟು ಸಡಿಲಿಸುವ ಹೊತ್ತಿಗೆ ಅಮೆರಿಕದ ಕಣ್ಣು ಚೀನಾದ ಮೇಲೆ ಬಿದ್ದಿತ್ತು. ಬಾಗಿಲು ಮುಚ್ಚಿಯಾಗಿತ್ತು.

ನನ್ನನ್ನು ಕಾಡುವ ಪ್ರಶ್ನೆ ಇರುವುದು ಇಲ್ಲಿ. ಹಸಿದವನು ಹಕ್ಕಿನ ಮಾತು ಬಿಟ್ಟು ಸಿಕ್ಕಿದ್ದನ್ನು ಇಸ್ಕೊಳ್ಳಬೇಕೆ? ಹನೋಯಿಯ ವಾದ ಸರಿಯಾಗಿಯೇ ಇತ್ತು. ಆದರೆ ಆ ವರ್ಷಗಳಲ್ಲಿ ಪಡಿತರದ ಸಾಲಿನಲ್ಲಿ ಬೆಳಗಿನ ಜಾವ ಹೋಗಿ ನಿಂತು, ಅಕ್ಕಿಗೆ ಗೆಣಸು ಮರಗೆಣಸು ಜೋಳ ಬೆರೆಸಿ ಮಕ್ಕಳಿಗೆ ಉಣಿಸಿದ ತಾಯಂದಿರನ್ನು ಯಾರೂ ಕೇಳಲಿಲ್ಲ. ಪಟ್ಟು ಹಿಡಿದವರು ಒಬ್ಬರು, ಅದರ ಭಾರ ಹೊತ್ತವರು ಇನ್ನೊಬ್ಬರು. ಮಹಾಡಿನ ಕೆರೆಗೆ 1927ರಲ್ಲಿ ಬಾಬಾಸಾಹೇಬರು ಇಳಿದದ್ದು ನೀರಡಿಕೆಗೆ ಅಲ್ಲ, ಮನುಷ್ಯರೆಂದು ತೋರಿಸಲಿಕ್ಕೆ. ಆದರೆ ಅವತ್ತು ಅವರ ಹಿಂದೆ ಹೋದ ಸಾವಿರಾರು ಜನ ತಾವಾಗಿಯೇ ಹೋದವರು, ಏಟು ತಿನ್ನಲು ಒಪ್ಪಿಯೇ ಹೋದವರು. ದೊಡ್ಡ ವ್ಯತ್ಯಾಸ ಅದು.

ಹಾಗಾದರೆ ಹಕ್ಕು ಬಿಟ್ಟುಕೊಡಬೇಕಿತ್ತೆ? ನಾನು ಹಾಗೆ ಹೇಳುವುದಿಲ್ಲ. ಕೂಳು ಉಂಡೂ ಹಕ್ಕು ಕೇಳಬಹುದು. ಉಂಡವನು ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದು ಉಣಿಸಿದವನು ಬರೆದ ಶಾಸ್ತ್ರ. ಅದನ್ನು ಹನೋಯಿಯ ನಾಯಕರೂ ಎಲ್ಲೋ ನಂಬಿದ್ದರು ಅಂತ ಕಾಣುತ್ತದೆ, ಕೈಚಾಚಿದರೆ ಸಾಲ ತೀರಿತು ಅಂತ ಅಂದುಕೊಂಡರು ಅಂತ. ಹಂಗು ಅನ್ನುವುದು ಮನಸ್ಸಿನೊಳಗೆ ಇಷ್ಟು ಆಳಕ್ಕೆ ಇಳಿದಿರುತ್ತದೆ.

1978ರ ಡಿಸೆಂಬರಿನಲ್ಲಿ ವಿಯೆಟ್ನಾಮಿನ ಸೈನ್ಯ ಕಾಂಬೋಡಿಯಕ್ಕೆ ನುಗ್ಗಿತು. ಪೋಲ್ ಪಾಟನ ಕೊಲೆಗಡುಕ ಆಡಳಿತ ಬಿತ್ತು. ಜಪಾನ್ ಮೊದಲಾಗಿ ಅನೇಕ ದೇಶಗಳು ನೆರವು ನಿಲ್ಲಿಸಿದವು. ವಿಶ್ವಸಂಸ್ಥೆಯ ಕುರ್ಚಿಯಲ್ಲಿ ಮಾತ್ರ ಪೋಲ್ ಪಾಟನ ಕಡೆಯವರೇ ಕೂತಿದ್ದರು. ಇದರ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನ ಬೇಕು.

ಆಮೇಲೆ ಉಳಿದದ್ದು ಸೋವಿಯತ್ ಒಕ್ಕೂಟ ಮತ್ತು ಅದರ ಗೆಳೆಯರು. ನಮ್ಮ ಎಡಪಂಥೀಯ ಗೆಳೆಯರಿಗೆ ಬೇಜಾರಾದರೂ ಹೇಳಲೇಬೇಕು. ಅದು ಸೋದರತೆಯ ನೆರವು ನಿಜ, ಆದರೆ ಅದಕ್ಕೂ ಲೆಕ್ಕದ ಪುಸ್ತಕ ಇತ್ತು. 1980ರ ದಶಕದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ವಿಯೆಟ್ನಾಮೀ ಹುಡುಗ ಹುಡುಗಿಯರು ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಚೆಕೊಸ್ಲೊವಾಕಿಯ, ಬಲ್ಗೇರಿಯದ ಕಾರ್ಖಾನೆಗಳಿಗೆ ದುಡಿಯಲು ಹೋದರು. ದೇಶದ ಸಾಲಕ್ಕೆ ಅಂತ ಅವರ ಕೂಲಿಯಲ್ಲಿ ಒಂದು ಪಾಲು ಮುರಿದುಕೊಳ್ಳುತ್ತಿದ್ದರು. ಅಪ್ಪನ ಸಾಲಕ್ಕೆ ಮಗ ಗೌಡನ ಮನೆಯಲ್ಲಿ ದುಡಿಯುವುದಕ್ಕೆ ನಮ್ಮಲ್ಲಿ ಏನನ್ನುತ್ತಾರೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಸೋವಿಯತ್ ನೆರವಿನಲ್ಲಿ ಕಟ್ಟಿದ ಹೋವಾ ಬಿನ್ ಅಣೆಕಟ್ಟು 1920 ಮೆಗಾವಾಟ್ ಕರೆಂಟು ಕೊಟ್ಟಿತು. ಅದಕ್ಕಾಗಿ ಐವತ್ತು ಸಾವಿರಕ್ಕೂ ಮೀರಿ ಜನ ಹೊಲ ಮನೆ ಬಿಟ್ಟು ಗುಡ್ಡ ಹತ್ತಿದರು. ಅವರಲ್ಲಿ ಹೆಚ್ಚಿನವರು ಮುವೋಂಗ್, ತಾಯ್ ಬುಡಕಟ್ಟಿನವರು. ದೇಶ ಕಟ್ಟುವಾಗ ಯಾರ ಸೂರು ಕೀಳಬೇಕು ಅನ್ನುವುದು ಎಲ್ಲ ಕಡೆಯೂ ಒಂದೇ ಲೆಕ್ಕ.

ಸ್ವೀಡನ್ನಿನದು ಬೇರೆ ಬಗೆ. ಪಶ್ಚಿಮದಲ್ಲಿ ವಿಯೆಟ್ನಾಮಿನ ಪರ ಗಟ್ಟಿಯಾಗಿ ನಿಂತ ದೇಶ ಅದು. ಯುದ್ಧ ಮುಗಿಯುವ ಮೊದಲೇ, 1974ರಲ್ಲಿ, ಬಾಯ್ ಬಾಂಗ್ ಎಂಬಲ್ಲಿ ಕಾಗದದ ಕಾರ್ಖಾನೆ ಕಟ್ಟಿಕೊಡಲು ಒಪ್ಪಿತು. 1982ರಲ್ಲಿ ಕಾರ್ಖಾನೆಯ ಉದ್ಘಾಟನೆಯಾಯಿತು. ಅಂದಾಜಿಗಿಂತ ಖರ್ಚು ಎಷ್ಟೋ ಹೆಚ್ಚಾಯಿತು. ಆದರೂ ಮಕ್ಕಳ ಪಠ್ಯಪುಸ್ತಕಕ್ಕೆ ಕಾಗದ ಬಂತು. ಒಳ್ಳೆಯ ಮನಸ್ಸಿನ ನೆರವು, ಅದರಲ್ಲಿ ಅನುಮಾನ ಇಲ್ಲ. ಆದರೆ ಕಾರ್ಖಾನೆಯ ಬಾಯಿಗೆ ಬಿದಿರು, ಮರ ಎಲ್ಲಿಂದ ಬಂತು? ಕಾಡಿನಲ್ಲಿ ಕಡಿದು ಹೊರುತ್ತಿದ್ದವರಲ್ಲಿ ಹೆಚ್ಚಿನವರು ಎಳೆಯ ಹೆಂಗಸರು. ಹುಲ್ಲಿನ ಗುಡಿಸಲು, ಅರೆಹೊಟ್ಟೆ, ಮನೆಯಿಂದ ದೂರ. 1980ರ ದಶಕದಲ್ಲಿ ಇದು ಬಲವಂತದ ದುಡಿಮೆಯೇ ಅಂತ ಸ್ವೀಡನ್ನಿನ ಪತ್ರಿಕೆಗಳಲ್ಲಿ ಗಲಾಟೆ ಎದ್ದಿತು. ಅಧ್ಯಯನ ಮಾಡಿಸಿದರು. ಆ ಹೆಂಗಸರ ಊಟ ವಸತಿ ಸುಧಾರಿಸಬೇಕು ಅಂತ ಸ್ವೀಡನ್ ಒತ್ತಾಯಿಸಿತು.

ಇದು ನನ್ನ ವಾದಕ್ಕೆ ತೊಡಕು. ಕೊಡುವವನ ಷರತ್ತೆಲ್ಲ ಕೆಟ್ಟದ್ದು ಅಂದುಬಿಟ್ಟರೆ ಸುಲಭ. ಆದರೆ ಬಿದಿರು ಹೊತ್ತ ಆ ಹುಡುಗಿಗೆ ಅವಳ ಸರ್ಕಾರ ಕೊಡದ ಸೂರನ್ನು ಸ್ಟಾಕ್‌ಹೋಮಿನ ಷರತ್ತು ಕೊಡಿಸಿತು. ಇಸ್ಕೊಳ್ಳುವ ದೇಶ ಅಂತ ನಾವು ಒಂದೇ ಹೆಸರು ಹೇಳುತ್ತೇವೆ. ಆ ಹೆಸರಿನೊಳಗೆ ಮೇಜಿಗೆ ಕೂತ ಮಂತ್ರಿಯೂ ಇದ್ದಾನೆ, ಬಿದಿರು ಹೊತ್ತವಳೂ ಇದ್ದಾಳೆ. ಅವಳು ಮೇಜಿಗೆ ಬರಲೇ ಇಲ್ಲ. ಸ್ಟಾಕ್‌ಹೋಮಿನಲ್ಲಿ ಪತ್ರಿಕೆಯವರು ಸುಮ್ಮನಿದ್ದಿದ್ದರೆ ಅವಳ ಮಾತು ಎತ್ತುವವರು ಯಾರೂ ಇರಲಿಲ್ಲ. ಹಾಗಾಗಿ ಷರತ್ತು ಒಳ್ಳೆಯದೋ ಕೆಟ್ಟದ್ದೋ ಅಂತ ಕೇಳುವ ಮೊದಲು, ಅದನ್ನು ಹಾಕುವ ಹಕ್ಕು ಹೊರುವವಳ ಕೈಯಲ್ಲಿ ಯಾಕಿಲ್ಲ ಅಂತ ಕೇಳಬೇಕು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 1989ರಲ್ಲಿ ಸೈನ್ಯ ಕಾಂಬೋಡಿಯದಿಂದ ಹೊರಬಂತು. 1991ರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. 1993ರಲ್ಲಿ ಅಮೆರಿಕ ಅಡ್ಡ ಬರುವುದನ್ನು ಬಿಟ್ಟ ಮೇಲೆ ಫ್ರಾನ್ಸ್ ಮತ್ತು ಜಪಾನ್ ಮುಂದೆ ನಿಂತು, ಗೆಳೆಯರ ಗುಂಪು ಕಟ್ಟಿ, ಅಂತಾರಾಷ್ಟ್ರೀಯ ಹಣಕಾಸು ನಿಧಿಗೆ ವಿಯೆಟ್ನಾಂ ಉಳಿಸಿಕೊಂಡಿದ್ದ ಸುಮಾರು 14 ಕೋಟಿ ಡಾಲರ್ ಬಾಕಿ ತೀರಿಸಿಕೊಟ್ಟವು. ಹಳೆ ಬಾಕಿ ತೀರಿದರೆ ತಾನೆ ಹೊಸ ಸಾಲ! ಆ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ದಾನಿಗಳ ಸಭೆ. 186 ಕೋಟಿ ಡಾಲರಿನ ಭರವಸೆ. ಅದರಲ್ಲಿ ಸಾಲವೂ ಇತ್ತು, ಆದರೂ ಸಭೆಯ ಹೆಸರು ದಾನಿಗಳ ಸಭೆ. ದೇಶವನ್ನು ನೂರು ವರ್ಷ ಹತ್ತಿರ ಆಳಿ ಹಿಂಡಿದ ಫ್ರಾನ್ಸೂ, 1940ರ ದಶಕದಲ್ಲಿ ಬಂದು ಭತ್ತ ದೋಚಿದ ಜಪಾನೂ ಅಲ್ಲಿ ದಾನಿಗಳೇ. 1994ರ ಫೆಬ್ರವರಿಯಲ್ಲಿ ಅಮೆರಿಕ ವ್ಯಾಪಾರದ ದಿಗ್ಬಂಧನ ತೆಗೆಯಿತು. 1995ರಲ್ಲಿ ರಾಯಭಾರ ಸಂಬಂಧ.

1997ರ ಏಪ್ರಿಲ್‌ನಲ್ಲಿ ಅಮೆರಿಕದ ಖಜಾನೆ ಮಂತ್ರಿ ರಾಬರ್ಟ್ ರೂಬಿನ್ ಹನೋಯಿಗೆ ಬಂದ. ಒಂದು ಪತ್ರಕ್ಕೆ ಸಹಿ ಬಿತ್ತು. ಸೈಗಾನಿನ ಹಳೆಯ ಸರ್ಕಾರ, ಅಂದರೆ ಅಮೆರಿಕವೇ ಸಾಕಿ ಸಲಹಿ ಯುದ್ಧಕ್ಕೆ ನಿಲ್ಲಿಸಿದ್ದ ಸರ್ಕಾರ, ಅಮೆರಿಕದಿಂದ ಮಾಡಿದ್ದ ಸಾಲದ ಬಾಬ್ತು ಸುಮಾರು 14.5 ಕೋಟಿ ಡಾಲರನ್ನು ವಿಯೆಟ್ನಾಂ ಕಂತಿನ ಮೇಲೆ ತೀರಿಸತಕ್ಕದ್ದು. ಕೊಡುತ್ತೇವೆ ಅಂದ 325 ಕೋಟಿಯಲ್ಲಿ ಬಂದದ್ದು ಸೊನ್ನೆ. ಸುಡಿಸಿಕೊಂಡವನೇ ಸುಟ್ಟವನಿಗೆ ಕಂತು ಕಟ್ಟಿದ. ಆಮೇಲೆ 2000ದಲ್ಲಿ ಕಾನೂನು ಮಾಡಿ, ಆ ಕಂತಿನ ಹಣದಲ್ಲಿ ವರ್ಷಕ್ಕೆ 50 ಲಕ್ಷ ಡಾಲರನ್ನು ವಿಯೆಟ್ನಾಮೀ ಹುಡುಗರು ಅಮೆರಿಕದಲ್ಲಿ ಓದಲು ವಿದ್ಯಾರ್ಥಿವೇತನ ಅಂತ ಕೊಟ್ಟರು. ಅದಕ್ಕೂ ನೆರವು ಅಂತಲೇ ಹೆಸರು.

ಯುದ್ಧದ ಪರಿಹಾರ ಅನ್ನುವುದು ಕವಿಗಳ ಆದರ್ಶ, ನಡೆಯದ ಮಾತು ಅನ್ನುವವರಿದ್ದಾರೆ. ನಡೆಯದ ಮಾತಲ್ಲ. ಕುವೈತಿನ ಮೇಲೆ ಬಿದ್ದ ಇರಾಕ್‌ನಿಂದ ವಿಶ್ವಸಂಸ್ಥೆ ಪರಿಹಾರ ವಸೂಲು ಮಾಡಿತು. 1991ರಲ್ಲಿ ಅದಕ್ಕೆಂದೇ ಆಯೋಗ ಮಾಡಿ, ಎಣ್ಣೆ ಮಾರಿದ ಹಣದಲ್ಲಿ ಪಾಲು ಮುರಿದುಕೊಂಡು, 2022ರ ಹೊತ್ತಿಗೆ 5240 ಕೋಟಿ ಡಾಲರನ್ನು ಪೂರ್ತಿ ತೀರಿಸಿಕೊಂಡರು. ದಿಗ್ಬಂಧನದಲ್ಲಿ ಇರಾಕಿನ ಮಕ್ಕಳು ಔಷಧಿ ಇಲ್ಲದೆ ನರಳಿದ ವರ್ಷಗಳಲ್ಲೂ ಮುರಿದುಕೊಂಡರು. ರಷ್ಯಾ ಹಾಳು ಮಾಡಿದ ಉಕ್ರೇನಿನ ನಷ್ಟ ಬರೆದಿಡಲು 2023ರಲ್ಲಿ ಹೇಗ್ ನಗರದಲ್ಲಿ ಒಂದು ದಾಖಲೆ ಪುಸ್ತಕ ತೆರೆದರು. ಸರಿಯಾದ ಕೆಲಸವೇ. ಮನೆ ಕಳೆದುಕೊಂಡವನು ತಾನೇ ಹೋಗಿ ಬರೆಸಬಹುದು. ಅಂಥ ಪುಸ್ತಕ ವಿಯೆಟ್ನಾಮಿಗೆ, ಲಾವೋಸಿಗೆ, 2003ರ ಇರಾಕಿಗೆ ಯಾರೂ ತೆರೆಯಲಿಲ್ಲ. ದಂಡ ಹಾಕುವ ವಿದ್ಯೆ ಲೋಕಕ್ಕೆ ಗೊತ್ತಿದೆ. ಯಾರಿಗೆ ಹಾಕಬೇಕು ಅನ್ನುವುದರಲ್ಲಿ ಮಾತ್ರ ಜಾತಿ ನೋಡುತ್ತದೆ.

ಕಳೆನಾಶಕದ ವಿಷವನ್ನೇ ನೋಡಿ. ಅದನ್ನು ಸಿಂಪಡಿಸಿ ರೋಗ ಹತ್ತಿಸಿಕೊಂಡ ಅಮೆರಿಕದ ಸೈನಿಕರು ದಾವೆ ಹೂಡಿದಾಗ, 1984ರಲ್ಲಿ ಕಂಪನಿಗಳು ತಪ್ಪು ಒಪ್ಪಿಕೊಳ್ಳದೆಯೇ 18 ಕೋಟಿ ಡಾಲರ್ ಕೊಟ್ಟು ರಾಜಿಯಾದವು. ಅದೇ ವಿಷ ಬಿದ್ದ ನೆಲದ ವಿಯೆಟ್ನಾಮೀಯರು 2004ರಲ್ಲಿ ಅದೇ ನ್ಯೂಯಾರ್ಕಿನ ಕೋರ್ಟಿಗೆ ಹೋದರು. 2005ರಲ್ಲಿ ದಾವೆ ವಜಾ ಆಯಿತು. 2009ರಲ್ಲಿ ಸುಪ್ರೀಂ ಕೋರ್ಟು ಕೇಳಲೂ ಒಪ್ಪಲಿಲ್ಲ.

ಆಮೇಲೆ ಅಮೆರಿಕ ಸರ್ಕಾರ ತಾನಾಗಿಯೇ ವಿಷದ ಮಣ್ಣು ತೊಳೆಯಲು ಬಂತು. ದಾನಾಂಗ್ ವಿಮಾನ ನಿಲ್ದಾಣದಲ್ಲಿ 2012ರಿಂದ 2018ರವರೆಗೆ ಕೆಲಸ ಮಾಡಿ ಮುಗಿಸಿದರು. ಒಳ್ಳೆಯ ಕೆಲಸ. ಸೈಗಾನಿನ ಹತ್ತಿರದ ಬಿಯೆನ್ ಹೋವಾ ವಾಯುನೆಲೆ ಅದಕ್ಕಿಂತ ದೊಡ್ಡದು. ತೊಳೆಯಬೇಕಾದ ಮಣ್ಣು ಸುಮಾರು ಐದು ಲಕ್ಷ ಘನ ಮೀಟರ್. ಸುತ್ತಲ ಕೆರೆಗಳ ಮೀನು ತಿನ್ನಬೇಡಿ ಅಂತ ನಿಷೇಧವಿದೆ. ಈ ಕೆಲಸದ ಕಾಗದಪತ್ರದಲ್ಲೆಲ್ಲ ಇರುವ ಪದ ಸಹಕಾರ. ಪರಿಹಾರ ಅಲ್ಲ. 2025ರ ಆರಂಭದಲ್ಲಿ ವಾಷಿಂಗ್ಟನ್ನಿನಲ್ಲಿ ಹೊಸ ಅಧ್ಯಕ್ಷ ವಿದೇಶಿ ನೆರವನ್ನೆಲ್ಲ ಒಂದು ಸಹಿಯಲ್ಲಿ ತಡೆಹಿಡಿದಾಗ ಬಿಯೆನ್ ಹೋವಾದ ಕೆಲಸವೂ ನಿಂತಿತು. ಅಗೆದಿಟ್ಟ ವಿಷದ ಮಣ್ಣು ಗುಡ್ಡೆಗುಡ್ಡೆಯಾಗಿ ಬಿದ್ದಿತ್ತು. ಮಳೆಗಾಲ ಹತ್ತಿರವಿತ್ತು, ಪಕ್ಕದಲ್ಲೇ ಜನವಸತಿ. ವಾರಗಳಾದ ಮೇಲೆ ಕೆಲಸ ಮತ್ತೆ ಶುರುವಾಯಿತು. ಅದರ ದುಡ್ಡು ಅಮೆರಿಕದ ಸಂಸತ್ತು ಮಂಜೂರು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.